ಬಹಿರಂಗಪಡಿಸಿದವನಿಗೆ ಸೆರೆಮನೆ, ಬಚ್ಚಿಟ್ಟವನಿಗೆ ಬರಿಯ ದಂಡ

ಮಾಧವ ಗಾಡ್ಗೀಳರ ನೇತೃತ್ವದ ಪಶ್ಚಿಮಘಟ್ಟ ಪರಿಸರ ತಜ್ಞರ ಸಮಿತಿಯು ತನ್ನ ವರದಿಯನ್ನು ಕೇಂದ್ರ ಪರಿಸರ ಸಚಿವಾಲಯಕ್ಕೆ ಒಪ್ಪಿಸಿದ್ದು 2011ರ ಆಗಸ್ಟ್‌ನಲ್ಲಿ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಾಡು, ತೋಟ, ಹೊಳೆಗಳ ನಾಳೆಯೂ ಆ ಪುಟಗಳಿಗೆ ಸಂಬಂಧಿಸಿದ್ದೇ ಆಗಿತ್ತು. ಆದರೆ ವರದಿ ಬೆಳಕು ಕಂಡದ್ದು 2012ರ ಮೇ ತಿಂಗಳಲ್ಲಿ. ಅದೂ ಕೇರಳದ ನಾಗರಿಕರೊಬ್ಬರು ಮಾಹಿತಿ ಹಕ್ಕಿನಡಿ ಕೇಳಿ, ಕೇಂದ್ರ ಮಾಹಿತಿ ಆಯೋಗವು ಪ್ರಕಟಣೆಗೆ ಆದೇಶಿಸಿ, ಅದರ ವಿರುದ್ಧ ಸಚಿವಾಲಯ ಸಲ್ಲಿಸಿದ ಅರ್ಜಿಯನ್ನು ದೆಹಲಿ ಹೈಕೋರ್ಟು ತಳ್ಳಿಹಾಕಿದ ಮೇಲೆ.

ಆ ಒಂಬತ್ತು ತಿಂಗಳಲ್ಲಿ ಸಚಿವಾಲಯದ ಗುಮಾಸ್ತನೊಬ್ಬ ವರದಿಯ ಪ್ರತಿಯನ್ನು ತೀರ್ಥಹಳ್ಳಿಯ ಅಡಿಕೆ ಬೆಳೆಗಾರನಿಗೆ ತಲುಪಿಸಿದ್ದರೆ? 1923ರ ಅಧಿಕೃತ ರಹಸ್ಯಗಳ ಕಾಯ್ದೆಯ 5ನೇ ಕಲಮಿನ ವಿಶಾಲವಾದ ಮಾತುಗಳು ಅವನ ತಲೆಯ ಮೇಲೆ ತೂಗುತ್ತಿದ್ದವು. ಶಿಕ್ಷೆ ಮೂರು ವರ್ಷಗಳವರೆಗೆ ಸೆರೆವಾಸ. ಕೊಟ್ಟವನಿಗೆ ಮಾತ್ರವಲ್ಲ, ತಿಳಿದೂ ಪಡೆದವನಿಗೂ ಅದು ತಪ್ಪದು. ಮುಂದೆ ಅದೇ ಪುಟಗಳನ್ನು ಸರ್ಕಾರವೇ ಪ್ರಕಟಿಸಿತು. ದೇಶಕ್ಕೆ ಯಾವ ಕೇಡೂ ಆಗಲಿಲ್ಲ.

ಇನ್ನು ಬಚ್ಚಿಟ್ಟವನ ಪಾಡೇನು? ಸಕಾರಣವಿಲ್ಲದೆ ಮಾಹಿತಿ ನಿರಾಕರಿಸಿದ ಅಧಿಕಾರಿಗೆ 2005ರ ಮಾಹಿತಿ ಹಕ್ಕು ಕಾಯ್ದೆ ವಿಧಿಸುವ ದಂಡ ದಿನಕ್ಕೆ 250 ರೂಪಾಯಿ; ಎಷ್ಟೇ ದಿನವಾದರೂ 25,000 ರೂಪಾಯಿ ಮೀರುವಂತಿಲ್ಲ. ಜನರಿಗೆ ತಿಳಿಸಿದವನಿಗೆ ಕಂಬಿ, ಜನರಿಂದ ಮುಚ್ಚಿಟ್ಟವನಿಗೆ ಕಾಸಿನ ದಂಡ. ಇದು ನ್ಯಾಯದ ತಕ್ಕಡಿಯಲ್ಲ.

ರಾಜ್ಯವೆಂದ ಮೇಲೆ ಗುಟ್ಟುಗಳಿರುವುದು ಸಹಜ. ಸೇನಾನೆಲೆಯ ನಕ್ಷೆಯನ್ನು ಶತ್ರುವಿಗೆ ಮಾರಿದವನನ್ನು ಯಾರೂ ಸಮರ್ಥಿಸುವುದಿಲ್ಲ. ಅಂಥ ಬೇಹುಗಾರಿಕೆಗೆ ಅದೇ ಕಾಯ್ದೆಯ 3ನೇ ಕಲಮು ಹದಿನಾಲ್ಕು ವರ್ಷಗಳವರೆಗಿನ ಶಿಕ್ಷೆಯನ್ನು ಬೇರೆಯಾಗಿಯೇ ಇಟ್ಟಿದೆ. ತಕರಾರು 5ನೇ ಕಲಮಿನದು. ಕಡತ ಹೊರಬಿದ್ದುದರಿಂದ ಯಾರಿಗೆ ಹಾನಿಯಾಯಿತು, ಯಾರಿಗೆ ಹಿತವಾಯಿತು ಎಂದು ತೂಗಿ ನೋಡುವ ಗೊಡವೆಗೇ ಅದು ಹೋಗುವುದಿಲ್ಲ. ಪತ್ರಕರ್ತ ಇಫ್ತಿಕಾರ್ ಗಿಲಾನಿಯವರನ್ನು 2002ರಲ್ಲಿ ಇದೇ ಕಾಯ್ದೆಯಡಿ ಬಂಧಿಸಲಾಯಿತು. ಅವರ ಬಳಿ ಸಿಕ್ಕಿದ್ದು ಆಗಲೇ ಬಹಿರಂಗವಾಗಿ ಲಭ್ಯವಿದ್ದ ಮಾಹಿತಿ. ಸರ್ಕಾರ ಮೊಕದ್ದಮೆ ಹಿಂತೆಗೆದುಕೊಳ್ಳುವಷ್ಟರಲ್ಲಿ ಅವರು ಏಳು ತಿಂಗಳು ಸೆರೆಯಲ್ಲಿ ಕಳೆದಾಗಿತ್ತು.

ಈ ಕಾಯ್ದೆಯನ್ನು ರದ್ದುಪಡಿಸಿ, ನಿಜವಾದ ರಾಷ್ಟ್ರಭದ್ರತೆಯ ಸಂಗತಿಗಳನ್ನಷ್ಟೇ ಬೇರೆ ಕಾನೂನಿನಲ್ಲಿ ಸೇರಿಸಬೇಕೆಂದು ಕನ್ನಡಿಗರೇ ಆದ ವೀರಪ್ಪ ಮೊಯಿಲಿಯವರ ಅಧ್ಯಕ್ಷತೆಯ ಎರಡನೇ ಆಡಳಿತ ಸುಧಾರಣಾ ಆಯೋಗ 2006ರಲ್ಲೇ ಶಿಫಾರಸು ಮಾಡಿತು. ಸಾರ್ವಜನಿಕ ಹಿತ ದೊಡ್ಡದಾದಾಗ ರಹಸ್ಯ ಕಾಯ್ದೆ ಅಡ್ಡಬರಬಾರದೆಂದು ಮಾಹಿತಿ ಹಕ್ಕು ಕಾಯ್ದೆಯ 8(2)ನೇ ಕಲಮು ಒಪ್ಪುತ್ತದೆ. ಆದರೆ ಅದು ಇಲಾಖೆಯ ಕೈಗೆ ಕೊಟ್ಟ ಅಧಿಕಾರ, ಪ್ರಾಮಾಣಿಕ ನೌಕರನ ಕೈಗೆ ಕೊಟ್ಟ ಗುರಾಣಿಯಲ್ಲ. ಜನಹಿತಕ್ಕಾಗಿ ಬಹಿರಂಗಪಡಿಸಿದೆನೆಂಬ ವಾದಕ್ಕೆ ನ್ಯಾಯಾಲಯದಲ್ಲಿ ಸ್ಥಾನ ಸಿಗುವವರೆಗೆ ಈ ಶಿಕ್ಷೆ ನ್ಯಾಯವೆನಿಸದು.

ಶರಾವತಿ ಕಣಿವೆಯ 2000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯೇ ಇರಲಿ, ಘಟ್ಟದ ಸೂಕ್ಷ್ಮ ವಲಯದ ಗಡಿಯೇ ಇರಲಿ, ಜನರ ಬದುಕನ್ನು ತಟ್ಟುವ ನಿರ್ಧಾರಗಳ ಸಂಗತಿಗಳನ್ನು ಸರ್ಕಾರ ತಾನಾಗಿಯೇ ಪ್ರಕಟಿಸಬೇಕೆನ್ನುತ್ತದೆ ಅದೇ ಕಾಯ್ದೆಯ 4ನೇ ಕಲಮು. ಮೂರೂ ತಾಲ್ಲೂಕುಗಳ ಗ್ರಾಮಸಭೆಗಳು ಆ ಕಡತಗಳನ್ನು ಕನ್ನಡದಲ್ಲಿಯೇ ಕೊಡಿರೆಂದು ನಿರ್ಣಯ ಮಾಡಿ ಕೇಳಲಿ. ಮುಳುಗುವ ನೆಲದ ನಕ್ಷೆ ಆ ನೆಲದವರಿಗೇ ಗುಟ್ಟಾಗಿರಕೂಡದು.