ನಾಟಕ ಬರೆದರೆ ಹೊಟ್ಟೆ ತುಂಬೀತೆ?



ಸಿಂದಗಿಯ ತಾಯಿಯೊಬ್ಬರ ಪತ್ರ ಮುಂದಿದೆ. “ಮಗಳು ಬಿ.ಎ. ಮುಗಿಸ್ಯಾಳ. ಬಿ.ಎಡ್. ಮಾಡು ಅಂದ್ರ ಒಲ್ಲೆ ಅಂತಾಳ. ಪದ್ಯ, ನಾಟಕ ಬರ್ಕೋತ ಕುಂತಾಳ. ನಾಟಕ ಬರದ್ರ ಹೊಟ್ಟಿ ತುಂಬ್ತೈತೇನ್ರಿ ಅಕ್ಕಾರ?”

ತಾಯಿ, ನಿಮ್ಮ ಚಿಂತೆ ಸುಳ್ಳಲ್ಲ. ಬರೀ ನಾಟಕ ಬರೆದು ಸಂಸಾರ ತೂಗಿಸಿದವರು ಕಡಿಮೆ. ಆದರೆ ಕಲಿಸುತ್ತ ಬರೆದವರು ನಿಮ್ಮ ನೆರೆಯಲ್ಲೇ ಹುಟ್ಟಿದ್ದಾರಲ್ಲ!

ಇಂಡಿ ತಾಲೂಕಿನ ಅಗರಖೇಡದಲ್ಲಿ 1904ರಲ್ಲಿ ಹುಟ್ಟಿದ ಆದ್ಯ ರಂಗಾಚಾರ್ಯರೇ ನಮ್ಮ ‘ಶ್ರೀರಂಗ’ರು. ಪುಣೆ, ಲಂಡನ್ನುಗಳಲ್ಲಿ ಓದಿ ಬಂದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಕಲಿಸಿದರು. ಜೊತೆಗೇ ‘ಹರಿಜನ್ವಾರ’, ‘ಕೇಳು ಜನಮೇಜಯ’ ಮೊದಲಾಗಿ 40ಕ್ಕೂ ಹೆಚ್ಚು ನಾಟಕ, 60ಕ್ಕೂ ಹೆಚ್ಚು ಏಕಾಂಕ ಬರೆದರು. ಭರತನ ನಾಟ್ಯಶಾಸ್ತ್ರವನ್ನು ಕನ್ನಡಕ್ಕೆ ತಂದರು. ಶಿಬಿರ ನಡೆಸಿ ಹೊಸಬರಿಗೆ ರಂಗದ ಕೆಲಸ ಕಲಿಸಿದರು. 1971ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1972ರಲ್ಲಿ ಪದ್ಮಭೂಷಣ ಬಂದವು. 1984ರಲ್ಲಿ ತೀರಿಕೊಂಡರು.

ಅವರ ಮನೆಯನ್ನೂ ನೋಡಿರಿ. ಗಂಡಸರೇ ಸೀರೆ ಉಟ್ಟು ಹೆಣ್ಣು ಪಾತ್ರ ಮಾಡುವುದು ರೂಢಿಯಾಗಿದ್ದ ದಿನಗಳಲ್ಲಿ ಹೆಂಡತಿ ಶಾರದಾ ಆದ್ಯ ಅವರ ನಾಟಕಗಳಲ್ಲಿ ಅಭಿನಯಿಸಿದರು. ಮಗಳು ಶಶಿ ದೇಶಪಾಂಡೆ ಇಂಗ್ಲಿಷ್ ಕಾದಂಬರಿಗೆ 1990ರಲ್ಲಿ ಅದೇ ಅಕಾಡೆಮಿಯ ಪ್ರಶಸ್ತಿ ಪಡೆದರು.

ಬರೆಯುವುದನ್ನು ಕಲಿಸಲು ಬರುತ್ತದೆಯೇ ಎನ್ನುತ್ತೀರಾ? ಅಡಿಗೆಯಂತೆಯೇ ಇದು. ಅಳತೆ ಹೇಳಿಕೊಡಬಹುದು, ಹದ ಮಾತ್ರ ಮಾಡಿ ಮಾಡಿಯೇ ಬರಬೇಕು. ಇನ್ನು ಮಾತಿನ ಸೊಗಸನ್ನು ಹುಡುಕಿಕೊಂಡು ನಿಮ್ಮ ಮಗಳು ದೂರ ಹೋಗಬೇಕಿಲ್ಲ. ಆಗ ಇಂಡಿ ತಾಲೂಕಿಗೇ ಸೇರಿದ್ದ ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹೆಣ್ಣುಮಕ್ಕಳ ಬೀಸುವ ಹಾಡು, ಕುಟ್ಟುವ ಹಾಡು ಕೂಡಿಸಿದರು. ಅದರಿಂದಲೇ 1931ರಲ್ಲಿ ‘ಗರತಿಯ ಹಾಡು’ ಹೊರಬಂತು. ಆ ಹಾಡು ಕಟ್ಟಿದವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಬೀಸುವ ಕಲ್ಲಿನ ಮುಂದೆ ಕುಳಿತವರು.

ಮಗಳಿಗೆ ಹೀಗೆ ಹೇಳಿರಿ: ಮೊದಲು ಒಂದೇ ಅಂಕದ ನಾಟಕ ಬರೆಯಲಿ. ಪುಸ್ತಕದ ಮಾತು ಬಿಟ್ಟು, ಮುದ್ದೇಬಿಹಾಳದ ಅತ್ತಿ, ಬಾಗೇವಾಡಿಯ ಸೋದರಮಾವ ಹ್ಯಾಂಗ ಮಾತಾಡ್ತಾರೋ ಹಂಗ ಬರೀಲಿ. ಗೆಳತಿಯರನ್ನು ಕೂಡಿಸಿ ಗಟ್ಟಿಯಾಗಿ ಓದಿಸಲಿ. ನಾಲಿಗೆ ತೊಡರಿದಲ್ಲಿ ತಿದ್ದಲಿ. ಓದು ಮಾತ್ರ ಬಿಡುವುದು ಬೇಡ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಮಾಡಬಹುದು. ರಂಗವನ್ನೇ ಕಲಿಯುವ ಹಟವಿದ್ದರೆ ಹೆಗ್ಗೋಡಿನ ನೀನಾಸಂನಲ್ಲಿ 1980ರಿಂದ ರಂಗಶಿಕ್ಷಣ ಕೇಂದ್ರವಿದೆ. ಮುಂದೆ ಪಾಠ ಹೇಳುವ ಕೆಲಸ ಸಿಕ್ಕರೆ ರೊಟ್ಟಿಯ ಚಿಂತೆಯೂ ತಪ್ಪೀತು.

ನಿಮಗೂ ಒಂದು ಮಾತು. ಸಂಜೆ ರೊಟ್ಟಿ ಬಡಿಯುವಾಗ “ಏನ್ ಬರದೀ, ಓದವ್ವಾ” ಅಂತ ಒಮ್ಮೆ ಕೇಳಿರಿ. ಈವರೆಗೆ ಆಕೆಯನ್ನು ಹಾಗೆ ಯಾರೂ ಕೇಳಿರಲಿಕ್ಕಿಲ್ಲ.