ಸರ್ವರ್ ಡೌನ್ ಎಂಬುದು ಮಳೆಯಲ್ಲ

ಸರ್ಕಾರಿ ಕಚೇರಿಗಳ ಕಿಟಕಿಯಲ್ಲಿ ಹಿಂದೆ 'ಸಾಹೇಬ್ರು ಮೀಟಿಂಗ್‌ಗೆ ಹೋಗಿದಾರೆ' ಎನ್ನುತ್ತಿದ್ದರು. ಈಗ ಆ ಜಾಗಕ್ಕೆ 'ಸರ್ವರ್ ಡೌನ್ ಐತೆ, ನಾಳೆ ಬನ್ನಿ' ಬಂದು ಕೂತಿದೆ. ಮಳೆ ಬಂತು, ಕರೆಂಟು ಹೋಯಿತು ಎನ್ನುವ ಧಾಟಿಯಲ್ಲೇ ಇದನ್ನೂ ಹೇಳುತ್ತಾರೆ. ಕೇಳಿದವರೂ ಮಳೆಯನ್ನು ಬೈದು ಏನು ಫಲ ಎಂಬಂತೆ ಕಾಗದದ ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ನಡೆಯುತ್ತಾರೆ. ನನ್ನ ತಕರಾರು ಈ ಧಾಟಿಯ ಮೇಲೆ.

ಸರ್ವರ್ ತಾನಾಗಿ ಬೀಳುವುದುಂಟು, ಯಾರಾದರೂ ಬೀಳಿಸುವುದೂ ಉಂಟು. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತತ್ತರಿಸಿದಾಗ, ಸುಳ್ಳು ಕೋರಿಕೆಗಳ ಪ್ರವಾಹ ಹರಿಸಿ ದಾಳಿ ನಡೆಸಲಾಗಿದೆ ಎಂದು ಸರ್ಕಾರವೇ ಹೇಳಿತು. ಕಳ್ಳ ನುಗ್ಗಿದ ಮನೆಯ ಕಥೆ ಬೇರೆ. ನಾನು ಹೇಳುತ್ತಿರುವುದು ಮನೆಯವರೇ ಬಾಗಿಲಿಗೆ ಬೀಗ ಹಾಕಿ 'ಒಳಗೆ ಸುಣ್ಣ ಹೊಡೀತಿದೀವಿ' ಎನ್ನುವ ಕಥೆ. ಅಪ್‌ಡೇಟ್ ನಡೆಯುತ್ತಿದೆ, ಹೊಸ ವರ್ಷನ್ ಬರುತ್ತಿದೆ, ಡೇಟಾ ಬೇರೆ ಕಡೆಗೆ ವರ್ಗವಾಗುತ್ತಿದೆ. 2024ರ ಅಕ್ಟೋಬರಿನಲ್ಲಿ ರಾಜ್ಯದ ಪಡಿತರ ವಿತರಣೆ ಹೀಗೆ ಸರ್ವರ್ ಬದಲಾವಣೆಯ ಹೊತ್ತಿನಲ್ಲೇ ಕುಂಟಿತು. ಗೋದಾಮಿನಲ್ಲಿ ಅಕ್ಕಿಯಿದ್ದರೂ ಬೆರಳಚ್ಚು ಒತ್ತುವ ಯಂತ್ರ ಒಪ್ಪದಿದ್ದರೆ ಅದು ಚೀಲಕ್ಕೆ ಇಳಿಯುವುದಿಲ್ಲ.

ಇಂಥ ನಿಲುಗಡೆ ಅನಿವಾರ್ಯ ಎಂದು ನಮ್ಮನ್ನು ನಂಬಿಸಲಾಗಿದೆ. ಓಡುತ್ತಿರುವ ವ್ಯವಸ್ಥೆಯನ್ನು ನಿಲ್ಲಿಸದೆ ಬದಲಿಸುವ ವಿದ್ಯೆ ಹಳೆಯದು. ಸ್ವೀಡನ್ನಿನ ಎರಿಕ್ಸನ್ ಕಂಪನಿ 1980ರ ದಶಕದಲ್ಲೇ ಟೆಲಿಫೋನ್ ಎಕ್ಸ್‌ಚೇಂಜುಗಳಿಗೆಂದು ಎರ್ಲಾಂಗ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಟ್ಟಿತು. ಜನ ಫೋನಿನಲ್ಲಿ ಮಾತಾಡುತ್ತಿರುವಾಗಲೇ ಒಳಗಿನ ಕೋಡ್ ಬದಲಿಸಬಹುದಾದ ಭಾಷೆ ಅದು. ಆದರೆ ನಾವು ಸ್ವೀಡನ್ನಿಗೆ ಹೋಗಬೇಕಾಗಿಲ್ಲ, ಬೇಲೂರಿಗೆ ಹೋದರೆ ಸಾಕು.

ಬೇಲೂರಿನ ಚೆನ್ನಕೇಶವ 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಗುಡಿ. ತೆರೆದಿದ್ದ ನವರಂಗಕ್ಕೆ ಜಾಲಂಧ್ರಗಳು ಬಂದದ್ದು ಆಮೇಲೆ, ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ. ಹಾಳಾಗಿದ್ದ ಹೆಬ್ಬಾಗಿಲ ಗೋಪುರವನ್ನು 1397ರಲ್ಲಿ ವಿಜಯನಗರದ ದಂಡನಾಯಕ ಗುಂಡ ಮತ್ತೆ ಕಟ್ಟಿಸಿದ. ಇಷ್ಟೆಲ್ಲ ಬದಲಾಗಿಯೂ ಅಲ್ಲಿ ಇಂದಿಗೂ ನಿತ್ಯಪೂಜೆಯಿದೆ, ತೇರು ಎಳೆಯುತ್ತಾರೆ. ಹದಿನಾರು ಕಿಲೋಮೀಟರ್ ಆಚೆಯ ಹಳೇಬೀಡಿನ ಹೊಯ್ಸಳೇಶ್ವರ ಕೆತ್ತನೆಯಲ್ಲಿ ಯಾರಿಗೂ ಕಡಿಮೆಯಿಲ್ಲ, ಆದರೆ ಅದು ಈಗ ನೋಡುವ ಗುಡಿ. ಯುನೆಸ್ಕೋ 2023ರಲ್ಲಿ ಎರಡನ್ನೂ ಒಂದೇ ಪಟ್ಟಿಗೆ ಸೇರಿಸಿತು. ದುರಸ್ತಿ ಮಾಡುವವನಿಗೆ ಮಾತ್ರ ಅವೆರಡೂ ಒಂದೇ ಅಲ್ಲ. ಹಳೇಬೀಡಿನಲ್ಲಿ ಒಂದು ಮೂಲೆಗೆ ಹಗ್ಗ ಕಟ್ಟಿ ಕೆಲಸ ಮಾಡಿದರೆ ಪ್ರವಾಸಿಗೆ ಒಂದು ಫೋಟೊ ನಷ್ಟ. ಬೇಲೂರಿನಲ್ಲಿ ಬೆಳಗಿನ ಪೂಜೆ ತಪ್ಪುವಂತಿಲ್ಲ.

ಪೂಜೆ ತಪ್ಪದಂತೆ ಗರ್ಭಗುಡಿಯನ್ನೇ ದುರಸ್ತಿ ಮಾಡುವುದು ಹೇಗೆ? ಆಗಮದ ಪ್ರಕಾರ ನಡೆಯುವ ಗುಡಿಗಳು ಇದಕ್ಕೆ ಬಾಲಾಲಯ ಎಂಬ ಉತ್ತರ ಕಂಡುಕೊಂಡಿವೆ. ಪಕ್ಕದಲ್ಲೊಂದು ಚಿಕ್ಕ ಗುಡಿ ಮಾಡಿ, ಮೂಲಮೂರ್ತಿಯ ಸಾನ್ನಿಧ್ಯವನ್ನು ಅಲ್ಲಿನ ಪುಟ್ಟ ಬಿಂಬಕ್ಕೆ ಆವಾಹಿಸಿ, ಪೂಜೆ ದರ್ಶನ ಎಲ್ಲವನ್ನೂ ಅಲ್ಲಿ ನಡೆಸುತ್ತಾರೆ. ಕೆಲಸ ಮುಗಿದ ಮೇಲೆ ಕುಂಭಾಭಿಷೇಕ ಮಾಡಿ ಸಾನ್ನಿಧ್ಯವನ್ನು ಒಳಕ್ಕೆ ತರುತ್ತಾರೆ. ಭಕ್ತ ಬಂದ ದಿನ ದೇವರಿದ್ದಾನೆ, ಇರುವ ಜಾಗ ಮಾತ್ರ ಬೇರೆ.

ಇವತ್ತಿನ ಸಾಫ್ಟ್‌ವೇರ್ ಜನ ಬ್ಲೂ-ಗ್ರೀನ್ ಎಂದು ಕರೆಯುವ ವಿಧಾನ ಹೆಚ್ಚುಕಡಿಮೆ ಇದೇ. ಹಳೆಯ ವರ್ಷನ್ ಒಂದು ಸರ್ವರ್‌ನಲ್ಲಿ ಓಡುತ್ತಿರುವಾಗ ಹೊಸದನ್ನು ಇನ್ನೊಂದರಲ್ಲಿ ನಿಲ್ಲಿಸಿ ಪರೀಕ್ಷಿಸುತ್ತಾರೆ. ಮುಂದೆ ಲೋಡ್ ಬ್ಯಾಲೆನ್ಸರ್ ಎಂಬ ಬಾಗಿಲು ಕಾಯುವವನಿದ್ದಾನೆ. ಹೊಸದಾಗಿ ಬಂದವರನ್ನು ಅವನು ಹೊಸ ಬಾಗಿಲಿಗೆ ಕಳಿಸುತ್ತಾನೆ, ಅರ್ಜಿ ಅರ್ಧ ತುಂಬಿರುವವರಿಗೆ ಹಳೆಯದರಲ್ಲೇ ಮುಗಿಸಲು ಬಿಡುತ್ತಾನೆ. ಹೊಸದು ಎಡವಿದರೆ ಎಲ್ಲರನ್ನೂ ಹಳೆಯದಕ್ಕೆ ತಿರುಗಿಸುತ್ತಾನೆ. ಹಾಗಾಗಿ ಹಳೆಯದನ್ನು ಕೂಡಲೇ ಅಳಿಸುವುದಿಲ್ಲ.

ಕಷ್ಟವಿರುವುದು ಡೇಟಾಬೇಸಿನಲ್ಲಿ. ಬಾಗಿಲು ಎರಡಾದರೂ ಉಗ್ರಾಣ ಒಂದೇ. ಇನಿಶಿಯಲ್ಲೂ ಹೆಸರೂ ಒಂದೇ ಕಾಲಂನಲ್ಲಿವೆ, ಬೇರೆ ಮಾಡಬೇಕು ಎನ್ನಿ. ಒಂದೇ ಏಟಿಗೆ ಹಳೆಯ ಕಾಲಂ ಕಿತ್ತರೆ ಓಡುತ್ತಿರುವ ಹಳೆಯ ವರ್ಷನ್ ಅಲ್ಲೇ ಮುಗ್ಗರಿಸುತ್ತದೆ. ಅದಕ್ಕೆ ಮೊದಲು ಹೊಸ ಕಾಲಂಗಳನ್ನು ಸೇರಿಸಬೇಕು. ಕೆಲವು ದಿನ ಎರಡೂ ಕಡೆ ಬರೆಯಬೇಕು. ಹಿಂದಿನ ದಾಖಲೆಗಳನ್ನು ಸ್ವಲ್ಪಸ್ವಲ್ಪವೇ ನಕಲು ಮಾಡಬೇಕು. ಎಲ್ಲರೂ ಹೊಸದನ್ನೇ ಓದುತ್ತಿದ್ದಾರೆಂದು ಖಾತ್ರಿಯಾದ ಮೇಲೆ ಹಳೆಯದನ್ನು ತೆಗೆಯಬೇಕು. ಇದಕ್ಕೆ ಬೇಕಾದದ್ದು ತಾಳ್ಮೆ. ಬೀಗ ಹಾಕುವುದು ಸುಲಭವಾದ್ದರಿಂದ ಬೀಗ ಹಾಕುತ್ತಾರೆ.

ಬೀಗ ಹಾಕಿದರೆ ಕೆಲಸ ಬೇಗ ಮುಗಿಯುತ್ತದೆ ಎಂಬ ವಾದವೂ ಉಂಟು. ಅರಸೀಕೆರೆ ಜಂಕ್ಷನ್ನಿನಲ್ಲಿ ಕೂತು ಇದನ್ನು ಯೋಚಿಸಬೇಕು. ಇಲ್ಲಿಂದ ಹಾಸನಕ್ಕೆ ಕವಲೊಡೆಯುವ ದಾರಿ ಮುಂದೆ ಘಟ್ಟ ಇಳಿದು ಮಂಗಳೂರು ಸೇರುತ್ತದೆ. ಹಾಸನದಾಚೆಯ ಆ ಮೀಟರ್‌ಗೇಜ್ ಹಳಿಯನ್ನು ಬ್ರಾಡ್‌ಗೇಜ್ ಮಾಡಲೆಂದು 1996ರಲ್ಲಿ ಮುಚ್ಚಿದರು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಘಟ್ಟದ ಸುರಂಗಗಳಲ್ಲಿ ಪಕ್ಕದಲ್ಲೇ ಇನ್ನೊಂದು ಹಳಿ ಹಾಕುವುದು ಕಷ್ಟ ಎಂಬುದು ನಿಜ. ಆದರೂ ಹನ್ನೊಂದು ವರ್ಷ! ಅದೇ ಅರಸೀಕೆರೆಯ ಮೇಲೆ ಹಾಯುವ ಬೆಂಗಳೂರು–ಹುಬ್ಬಳ್ಳಿ ಮಾರ್ಗಕ್ಕೆ ಜೋಡಿ ಹಳಿ ಬಂದದ್ದು ಹಳೆಯ ಹಳಿಯ ಮೇಲೆ ಗಾಡಿಗಳು ಓಡುತ್ತಿರುವಾಗಲೇ. ಒಮ್ಮೆ ಮುಚ್ಚಿದ ಮೇಲೆ ತೆರೆಯುವ ಅವಸರ ಯಾರಿಗೂ ಇರುವುದಿಲ್ಲ. ತೆರೆದಿಟ್ಟೇ ಕೆಲಸ ಮಾಡುವವನು ಒಂದೊಂದೇ ಸಣ್ಣ ಬದಲಾವಣೆ ಮಾಡುತ್ತಾನೆ, ತಪ್ಪಿದರೆ ಹಿಂದೆ ಸರಿಯುವ ದಾರಿ ಇಟ್ಟುಕೊಂಡಿರುತ್ತಾನೆ. ನಿಲ್ಲಿಸದೆ ಬದಲಿಸುವುದನ್ನು ಶ್ರೀಮಂತ ಕಂಪನಿಗಳ ಶೋಕಿ ಎಂದುಕೊಂಡವರು ಈ ಶಿಸ್ತನ್ನು ಗಮನಿಸಿಲ್ಲ.

ಸರ್ಕಾರಕ್ಕೆ ಇದು ಗೊತ್ತಿಲ್ಲ ಎನ್ನಲೂ ಆಗದು. 2023ರಲ್ಲಿ ಕಾವೇರಿ 2.0 ಬಂದಾಗ ಅದನ್ನು ಒಂದೇ ದಿನ ಇಡೀ ರಾಜ್ಯದ ಮೇಲೆ ಹೇರಲಿಲ್ಲ. ಉಪನೋಂದಣಿ ಕಚೇರಿಗಳಿಗೆ ಹಂತಹಂತವಾಗಿ ತಂದರು. ಮುದ್ರಾಂಕ ಶುಲ್ಕ ಬರುವ ಕಡೆ ಇದ್ದ ಈ ಎಚ್ಚರ ಅಕ್ಕಿ ಕೊಡುವ ಕಡೆ, ಪಿಂಚಣಿ ಕೊಡುವ ಕಡೆ ಯಾಕಿಲ್ಲ ಎಂಬುದೇ ನನ್ನ ಪ್ರಶ್ನೆ.

ಖರ್ಚಿನ ಮಾತು ಬರುತ್ತದೆ. ಎರಡು ಸರ್ವರ್ ಎಂದರೆ ಎರಡು ಬಾಡಿಗೆ. ಆದರೆ ಬೀಗ ಹಾಕಿದ್ದಕ್ಕೂ ಖರ್ಚಿದೆ, ಅದನ್ನು ಬೇರೆಯವರು ಕಟ್ಟುತ್ತಾರೆ. 2025–26ರಲ್ಲಿ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಹಳೇಬೀಡು ಹೋಬಳಿಯ ಹಳ್ಳಿಯಿಂದ ಬೇಲೂರಿಗೆ ಬಂದ ಒಬ್ಬರು 'ನಾಳೆ ಬನ್ನಿ' ಕೇಳಿ ವಾಪಸು ಹೋದರೆ ಅಷ್ಟು ಕೂಲಿಯೂ ಬಸ್ಸಿನ ದುಡ್ಡೂ ಹೋದಂತೆ. ಕಿಟಕಿಯ ಮುಂದೆ ಐವತ್ತು ಜನವಿದ್ದರೆ ಕೂಲಿಯ ಬಾಬ್ತೇ 18,500 ರೂಪಾಯಿ. ಇದು ಯಾವ ಟೆಂಡರಿನಲ್ಲೂ ಕಾಣುವುದಿಲ್ಲ. ಇನ್ನು ಕೊಬ್ಬರಿ ಖರೀದಿಯಂಥ ನೋಂದಣಿಗೆ ಪ್ರಮಾಣದ ಮಿತಿಯಿದ್ದರೆ ಕಳೆದ ಒಂದು ಗಂಟೆಗೂ ಬೆಲೆಯಿದೆ. ಸರತಿಯಲ್ಲಿ ಹಿಂದೆ ಬಿದ್ದ ಅರಸೀಕೆರೆಯ ಬೆಳೆಗಾರ ಉಂಡೆ ಕೊಬ್ಬರಿಯನ್ನು ವರ್ತಕ ಹೇಳಿದ ಬೆಲೆಗೇ ಮಾರಬೇಕು.

ಎಲ್ಲ ವೆಬ್‌ಸೈಟೂ ಒಂದು ನಿಮಿಷ ಕಣ್ಣು ಮುಚ್ಚದೆ ಇರಬೇಕೆಂದು ನಾನು ಹಟ ಹಿಡಿಯುತ್ತಿಲ್ಲ. ಗೆಜೆಟ್ ಓದಿಸುವ ಪುಟ, ಪ್ರವಾಸಿ ತಾಣದ ಪುಟ ಹಳೇಬೀಡಿನ ಜಾತಿಯವು; ರಾತ್ರಿ ಅರ್ಧ ಗಂಟೆ ಮಲಗಿದರೆ ಯಾರ ಒಲೆಯೂ ಆರುವುದಿಲ್ಲ. ಪಡಿತರ, ಪಹಣಿ, ಪಿಂಚಣಿ, ಜಾತಿ–ಆದಾಯ ಪ್ರಮಾಣಪತ್ರ ಬೇಲೂರಿನ ಜಾತಿಯವು. ಅವಕ್ಕೆ ಬಾಲಾಲಯ ಬೇಕು.

ಅದಕ್ಕೆ ನಾಲ್ಕು ಸಂಗತಿ ಕಡ್ಡಾಯವಾಗಲಿ. ಹೊಸದು ನಿಂತು ತೋರಿಸುವವರೆಗೆ ಹಳೆಯದು ಓಡುತ್ತಿರಬೇಕೆಂಬ ಷರತ್ತು ಟೆಂಡರಿನಲ್ಲೇ ಇರಲಿ. ನಿಲ್ಲಿಸಲೇಬೇಕಾದರೆ ಯಾವ ದಿನ, ಎಷ್ಟರಿಂದ ಎಷ್ಟು ಗಂಟೆ ಎಂಬುದು ಕನ್ನಡದಲ್ಲಿ ವಾರ ಮೊದಲೇ ನ್ಯಾಯಬೆಲೆ ಅಂಗಡಿಯ ಗೋಡೆಯ ಮೇಲಿರಲಿ. ನಿಂತ ಹೊತ್ತಿನ ಲೆಕ್ಕ ಸಾರ್ವಜನಿಕವಾಗಿ ಸಿಗಲಿ. ನಿಂತಷ್ಟು ದಿನ ಕೊನೆಯ ದಿನಾಂಕ ತಾನಾಗಿಯೇ ಮುಂದೆ ಹೋಗಲಿ, ಅದಕ್ಕಾಗಿ ಜನ ಮನವಿ ಹಿಡಿದು ಮತ್ತೊಂದು ದಿನ ಕಳೆಯುವಂತಾಗಬಾರದು.

ಅಲ್ಲಿಯವರೆಗೆ ಕಿಟಕಿಯಾಚೆ ಕೂತ ಆಪರೇಟರನ್ನು ಬೈಯಬೇಡಿ, ಅವರ ಕೈಯಲ್ಲಿ ಏನೂ ಇಲ್ಲ. 'ಸರ್ವರ್ ಡೌನ್' ಅಂದಾಗ ಒಂದೇ ಪ್ರಶ್ನೆ ಕೇಳಿ: ತಾನಾಗಿ ಬಿತ್ತೋ, ನಿಲ್ಲಿಸಿದರೋ? ನಿಲ್ಲಿಸಿದ್ದಾದರೆ, ಇವತ್ತಿನ ಹಗಲೇ ಆಗಬೇಕೆಂದು ಆದೇಶ ಕೊಟ್ಟವರೊಬ್ಬರು ಇದ್ದೇ ಇದ್ದಾರೆ. ಕೂಲಿಯ ಲೆಕ್ಕವನ್ನು ಅವರ ಮೇಜಿನ ಮೇಲಿಡಬೇಕು.