ಕುಷ್ಠರೋಗ: ಘೋಷಣೆ ಮುಗಿಯಿತು, ಹುಡುಕಾಟ ಮುಗಿದಿಲ್ಲ

ಕುಷ್ಠರೋಗವು ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ನಿವಾರಣೆಗೊಂಡಿದೆ ಎಂದು ಭಾರತವು 2005ರ ಡಿಸೆಂಬರ್‌ನಲ್ಲಿ ಘೋಷಿಸಿತು. ಹತ್ತು ಸಾವಿರ ಜನರಲ್ಲಿ ರೋಗಿಗಳ ಪ್ರಮಾಣ ಒಬ್ಬರಿಗಿಂತ ಕಡಿಮೆ ಎಂಬುದಷ್ಟೇ ಇದರ ಅರ್ಥ. ರೋಗ ಇಲ್ಲವಾಯಿತು ಎಂದಲ್ಲ. ಆದರೆ ಆಡಳಿತದಲ್ಲಿ ಕಡತ ಮುಚ್ಚಿದೊಡನೆ ಕಣ್ಣೂ ಮುಚ್ಚುವ ಅಭ್ಯಾಸವಿದೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳು 2007ರವರೆಗೆ ಕೋಲಾರ ಜಿಲ್ಲೆಯಲ್ಲಿದ್ದವು. ಆ ದಿನಗಳಲ್ಲಿ ಅಲ್ಲಿ ಸೇವೆಯಲ್ಲಿದ್ದ ನಾನು ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕವೊಂದಕ್ಕೆ ಹೋಗಿದ್ದೆ. ಬಿಸಿನೀರಿನ ಬೇಸಿನ್ನಿನಿಂದ ಗೂಡಿನ ಎಳೆ ಹಿಡಿಯುತ್ತಿದ್ದ ಕಾರ್ಮಿಕನ ಬೆರಳುಗಳಲ್ಲಿ ಬೊಕ್ಕೆಗಳಿದ್ದವು. ‘ನೋವಿಲ್ಲವೇ?’ ಎಂದರೆ, ‘ಈ ಕೈಗೆ ಬಿಸಿ ತಾಕೋದಿಲ್ಲ ಸ್ವಾಮಿ’ ಎಂದು ಹೆಮ್ಮೆಯಿಂದಲೇ ಹೇಳಿದ. ಕಸುಬಿನಲ್ಲಿ ಪಳಗಿದ ಕೈ ಎಂದು ನಾನೂ ನಂಬಿದೆ. ವರ್ಷದ ಬಳಿಕ ಬೆರಳು ಮಡಚಿಕೊಂಡಾಗ ನಿಜ ತಿಳಿಯಿತು.

ಈ ರೋಗದ ಪತ್ತೆಗೆ ಬಹುತೇಕ ದೊಡ್ಡ ಯಂತ್ರ ಬೇಕಿಲ್ಲ. ಬಿಳಿಚಿದ ಅಥವಾ ಕೆಂಪಾದ ಮಚ್ಚೆಯಲ್ಲಿ ಸ್ಪರ್ಶಜ್ಞಾನ ಇಲ್ಲದಿರುವುದು ಮೊದಲ ಸಾಕ್ಷಿ. ನರ ದಪ್ಪವಾಗಿ ಕೈಕಾಲು ಜೋಮು ಹಿಡಿಯುವುದು ಅಥವಾ ಬಲ ಕುಂದುವುದು ಇನ್ನೊಂದು. ಮಚ್ಚೆಗಳು ಐದರೊಳಗಿದ್ದರೆ ಆರು ತಿಂಗಳು, ಹೆಚ್ಚಿದ್ದರೆ ಅಥವಾ ಒಂದಕ್ಕಿಂತ ಹೆಚ್ಚು ನರಗಳಿಗೆ ತಗುಲಿದ್ದರೆ ಹನ್ನೆರಡು ತಿಂಗಳು ಬಹುಔಷಧ ಚಿಕಿತ್ಸೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ರಿಫಾಂಪಿಸಿನ್ನಿನಿಂದ ಮೂತ್ರ ಕೆಂಪಾಗುತ್ತದೆ, ಕ್ಲೋಫಾಜಿಮಿನ್ನಿನಿಂದ ಚರ್ಮ ಕಪ್ಪಾಗುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ರೋಗಿ ಗಾಬರಿಗೊಂಡು ಮಾತ್ರೆ ಬಿಡುತ್ತಾನೆ. ನಡುವೆ ಮಚ್ಚೆ ಊದಿಕೊಂಡು ನರ ನೋಯತೊಡಗಿದರೆ ಮಾತ್ರೆ ನಿಲ್ಲಿಸದೆ ತಕ್ಷಣ ವೈದ್ಯರನ್ನು ಕಾಣಬೇಕು. ತಡವಾದರೆ ರೋಗಾಣು ಸತ್ತರೂ ಅಂಗವೈಕಲ್ಯ ಉಳಿಯುತ್ತದೆ.

ಮಕ್ಕಳ ವಿಷಯ ಇನ್ನೂ ಸೂಕ್ಷ್ಮವಾದುದು. ಮುಖದ ಮೇಲಿನ ಬಿಳಿ ಮಚ್ಚೆಯನ್ನು ಜಂತುಹುಳುವಿನ ಗುರುತೆಂದು ಮನೆಯವರು ಕಡೆಗಣಿಸುತ್ತಾರೆ. ಮುಟ್ಟಿದ್ದು ತಿಳಿಯುತ್ತದೆಯೋ ಇಲ್ಲವೋ ಎಂದು ಪುಟ್ಟ ಮಗು ಖಚಿತವಾಗಿ ಹೇಳಲಾರದು. ತಾಳ್ಮೆಯಿಂದ ಮತ್ತೆ ಮತ್ತೆ ಪರೀಕ್ಷಿಸಬೇಕು. ಮಕ್ಕಳಿಗೆ ಔಷಧದ ಪ್ರಮಾಣವೂ ಬೇರೆ, ಹತ್ತು ವರ್ಷದೊಳಗಿನವರಿಗೆ ಅದು ತೂಕಕ್ಕೆ ತಕ್ಕಂತೆ. ಮುಖ್ಯವಾಗಿ, ರೋಗ ಹೊರಬೀಳಲು ಸಾಮಾನ್ಯವಾಗಿ ವರ್ಷಗಳೇ ಹಿಡಿಯುವುದರಿಂದ, ಮಗುವಿನಲ್ಲಿ ಅದು ಕಂಡಿತೆಂದರೆ ಆ ಮನೆಯಲ್ಲೋ ನೆರೆಯಲ್ಲೋ ಚಿಕಿತ್ಸೆ ಪಡೆಯದ ಹಿರಿಯರೊಬ್ಬರು ಇರುವ ಸಾಧ್ಯತೆ ಹೆಚ್ಚು. ಸೋಂಕು ಇಂದಿಗೂ ಹರಡುತ್ತಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸೂಚನೆ ಬೇಕಿಲ್ಲ.

ಹಾಗಾದರೆ ಜನ ಏಕೆ ಮುಂದೆ ಬರುವುದಿಲ್ಲ? ಕುಷ್ಠರೋಗವನ್ನು ವಿವಾಹ ವಿಚ್ಛೇದನಕ್ಕೆ ಕಾರಣವಾಗಿಸಿದ್ದ ಕಾನೂನು 2019ರವರೆಗೂ ಇತ್ತು. ಸರ್ಕಾರವೇ ಅಷ್ಟು ಕಾಲ ಅಂಜಿದ ಮೇಲೆ ಹಳ್ಳಿಯ ಹೆಣ್ಣುಮಗಳು ಮಚ್ಚೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡರೆ ತಪ್ಪೆನ್ನಲಾದೀತೆ?

ಮಾಡಬೇಕಾದ್ದು ದುಬಾರಿಯಲ್ಲ. ಆಶಾ ಕಾರ್ಯಕರ್ತೆಯರ ಮನೆಭೇಟಿಯಲ್ಲಿ ಹಿರಿಯರ ಮೈಯ ಮಚ್ಚೆಗಳ ವಿಚಾರಣೆ ತಪ್ಪಬಾರದು. ಶಾಲಾ ತಪಾಸಣೆ ಹಲ್ಲು, ಕಣ್ಣುಗಳಿಗೆ ನಿಲ್ಲಬಾರದು. ರೋಗಿಯ ಮನೆಯವರನ್ನು, ನೆರೆಯವರನ್ನು ಪರೀಕ್ಷಿಸಿ, ಅರ್ಹರಿಗೆ ಒಂದೇ ಬಾರಿ ರಿಫಾಂಪಿಸಿನ್ ನೀಡುವ ಮುಂಜಾಗ್ರತೆ ಪ್ರತಿ ಪ್ರಕರಣದಲ್ಲೂ ನಡೆಯಬೇಕು. ಗೌರಿಬಿದನೂರಿನಿಂದ ಹಿಂದೂಪುರಕ್ಕೆ ಕೂಲಿಗೆ ಹೋದವನ ಚಿಕಿತ್ಸೆ ಗಡಿಯಲ್ಲಿ ತುಂಡಾಗಬಾರದು. ಬಿಚ್ಚಾಣಿಕೆ ಘಟಕಗಳಲ್ಲಿ ಕಾರ್ಮಿಕರ ಕೈಗಳ ತಪಾಸಣೆ ನಡೆಯಬೇಕು.

ಅರ್ಥಶಾಸ್ತ್ರ ಓದಿದವನಾಗಿ ಲೆಕ್ಕ ಹೇಳುವುದು ನನ್ನ ಅಭ್ಯಾಸ. ಒಂದು ಬದಿಗೆ ಕೆಲವು ತಿಂಗಳ ಮಾತ್ರೆ. ಇನ್ನೊಂದು ಬದಿಗೆ ದುಡಿಮೆ ಕಳೆದುಕೊಂಡ ಎರಡು ಕೈ. ಆ ಕಾರ್ಮಿಕನ ಕೈ ನೋಡಿಯೂ ನಾನು ಕಾಣಲಿಲ್ಲ. ಈಗಿನ ಅಧಿಕಾರಿಗಳು ಕಾಣಲಿ.